ಕಾಫಿ ಕಣದ ಬಿಳಿ ಬೂಟು

ಮಾದಮ್ಮನಿಗೆ ಮನೆದೇವರ ಮೇಲೆ ಎಷ್ಟು ನಂಬಿಕೆಯಿತ್ತೋ ಅದಕ್ಕಿಂತ ಒಂದು ಗುಲಗಂಜಿಯಷ್ಟು ಹೆಚ್ಚಿನ ನಂಬಿಕೆ ತನ್ನ ಅಡಿಗೆಮನೆಯ ಅಟ್ಟದ ಮೇಲಿತ್ತು. ಹಾನುಬಾಳಿನ ಸುತ್ತ ಆಷಾಢದ ಮಳೆ ಹಿಡಿಯಿತೆಂದರೆ ಗೂಟಕ್ಕೆ ನೇತುಹಾಕಿದ ಕೊಡೆಗೂ ಬೂಷ್ಟು ಬರುತ್ತದೆ, ಟ್ರಂಕಿನೊಳಗಿನ ರೇಷ್ಮೆ ಸೀರೆಗೂ ಬರುತ್ತದೆ. ಅವಳ ಗಂಡ ಜವರಯ್ಯನ ಸೊಂಟದ ಬೆಲ್ಟಂತೂ ಪ್ರತಿ ವರ್ಷ ಹಸಿರು ಮೈಯ ಹಾವಿನ ಹಾಗೆ ಗೋಡೆಗೆ ಜೋತುಬಿದ್ದಿರುತ್ತಿತ್ತು. ಒಲೆಯ ನೇರ ಮೇಲೆ, ಬಿದಿರಿನ ದಬ್ಬೆ ಹಾಸಿದ ಆ ಅಟ್ಟದಲ್ಲಿಟ್ಟದ್ದಕ್ಕೆ ಮಾತ್ರ ಏನೂ ಆಗುತ್ತಿರಲಿಲ್ಲ. ಬಿತ್ತನೆಯ ಸೌತೆಬೀಜ, ಏಲಕ್ಕಿ, ಹುಣಸೆಹಣ್ಣು, ಒಣಮೆಣಸು ಎಲ್ಲವೂ ಅಲ್ಲೇ. ಮಗಳು ಪೂಜಿತಾಳ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡು ಕೂಡ ಅಲ್ಲೇ ಇದ್ದು, ಕಾಲೇಜಿಗೆ ಸೇರಿಸುವಾಗ ಅದನ್ನು ಮೂಸಿ ನೋಡಿದ ಗುಮಾಸ್ತ ಮಧ್ಯಾಹ್ನದ ಊಟಕ್ಕೆ ಬೇಗ ಎದ್ದುಹೋದನಂತೆ.

ಹಾಗಾಗಿ ಅಳಿಯನಾಗುವವನಿಗೆಂದು ತಂದ ಬಿಳಿ ಬೂಟನ್ನು ಅವಳು ಆ ಅಟ್ಟಕ್ಕೇ ಏರಿಸಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಪೂಜಿತಾಳನ್ನು ಆಲೂರು ತಾಲ್ಲೂಕಿನ ಕುಂದೂರು ಕಡೆಯ ದೇವೇಂದ್ರನಿಗೆ ಕೊಡುವುದೆಂದು ಮಾತಾಗಿತ್ತು. ಹುಡುಗ ತನ್ನೂರಿನ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿ. ಸಂಜೆ ಹಾಲು ಅಳೆದು ಮುಗಿದರೆ ವಾಲಿಬಾಲ್ ಆಟ. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಸೋದರತ್ತೆ ಗಿಡ್ಡಮ್ಮ. ಹೆಸರು ಹಾಗಿದ್ದರೂ ಬಾಗಿಲಲ್ಲಿ ಬಗ್ಗಿಯೇ ಬರಬೇಕಾದ ಆಳು. ಅವಳ ಮಾತಿಗೂ ಅಷ್ಟೇ ಉದ್ದ ಇತ್ತು. ಹೆಣ್ಣು ನೋಡಲು ಬಂದ ದಿನವೇ ಕಾಫಿ ಕುಡಿದು, ಲೋಟ ಕೆಳಗಿಡುತ್ತ, ಬೆಲ್ಲ ನಿಮ್ಮ ಮನೇದಾ ಅಂಗಡೀದಾ ಎಂದು ಕೇಳಿ, ಅಂಗಡಿಯದೆಂದು ತಿಳಿದ ಮೇಲೆ ಬರಿ ತಲೆಯಾಡಿಸಿದ್ದಳು. ಆ ತಲೆಯಾಟ ಮಾದಮ್ಮನ ಎದೆಯಲ್ಲಿ ಆವತ್ತಿನಿಂದ ಆಡುತ್ತಲೇ ಇತ್ತು.

ಅವರ ಕಡೆ ಮದುವೆಯಲ್ಲಿ ಒಂದು ಶಾಸ್ತ್ರವಿದೆ. ಗಂಡು ಚಪ್ಪರದ ಬಾಗಿಲಿಗೆ ಬಂದು ನಿಂತಾಗ ಹೆಣ್ಣಿನ ತಂದೆತಾಯಿ ಅವನ ಕಾಲು ತೊಳೆದು, ಒರೆಸಿ, ತಾವು ತಂದ ಹೊಸ ಮೆಟ್ಟು ಹಾಕಿಸಿ ಒಳಗೆ ಕರೆಯಬೇಕು. ಎರಡೂ ಕಡೆಯವರು ಕೂಡಿ ಹಾಸನಕ್ಕೆ ಜವಳಿ ತೆಗೆಯಲು ಹೋಗಿದ್ದಾಗ ಜವರಯ್ಯ ಹುಡುಗನನ್ನು ಎಂಥ ಮೆಟ್ಟು ಬೇಕಪ್ಪ ಎಂದು ಕೇಳಿದ. ದೇವೇಂದ್ರ ನೆಲ ನೋಡುತ್ತ, ಸಿಕ್ಕಿದರೆ ಬಿಳೀ ಶೂ, ಪೂರ್ತಿ ಬಿಳೀದು, ಅಂದ. ಇಷ್ಟು ವರ್ಷ ಬರಿಗಾಲಲ್ಲೇ ನೆಗೆದಾಡಿದವನಿಗೆ ಅದೊಂದು ಆಸೆ ಇತ್ತು. ಗಿಡ್ಡಮ್ಮ ಅಂಗಡಿಯಲ್ಲೇ, ಹಾಲು ಅಳೆದೂ ಅಳೆದೂ ಇವನಿಗೆ ಕಾಲೂ ಬೆಳ್ಳಗಾಗಬೇಕಂತೆ ಎಂದು ಛೇಡಿಸಿ ಎಲ್ಲರನ್ನೂ ನಗಿಸಿದಳು.

ಅಂಗಡಿಯವನು ಡಬ್ಬದ ಮುಚ್ಚಳ ತೆಗೆದಾಗ ಮಾತ್ರ ನಗು ನಿಂತಿತು. ಮೇಲಿನ ಬಟ್ಟೆ ಬಿಳಿ, ದಾರ ಬಿಳಿ, ದಪ್ಪನೆಯ ರಬ್ಬರ್ ತಳವೂ ಬಿಳಿ. ಎಲ್ಲೂ ಒಂದು ಗೆರೆಯಿಲ್ಲ, ಚುಕ್ಕೆಯಿಲ್ಲ. ಮಾದಮ್ಮ ಬಿಳುಪು ಕಾಣದವಳೇನಲ್ಲ. ಹೂಮಳೆ ಬಿದ್ದು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಎದ್ದು ನೋಡಿದರೆ ಕಾಫಿ ತೋಟವೆಲ್ಲ ಹೂವಾಗಿ ನಿಂತಿರುತ್ತದಲ್ಲ, ಅದನ್ನು ಹುಟ್ಟಿದಾಗಿನಿಂದ ನೋಡಿದವಳು. ಆದರೆ ಆ ಬಿಳುಪು ಹೂವಿನದು, ನಾಲ್ಕು ದಿನದಲ್ಲಿ ಉದುರುವುದು. ಮಣ್ಣು ತುಳಿಯುವ ವಸ್ತುವನ್ನು ಯಾರೋ ಇಷ್ಟು ಬೆಳ್ಳಗೆ ಮಾಡಿದ್ದಾರಲ್ಲ ಎಂದು ಅವಳಿಗೆ ಬೆರಗಾಯಿತು. ಸೆರಗಿನಲ್ಲಿ ಕೈ ಒರೆಸಿಕೊಂಡೇ ಮುಟ್ಟಿದಳು.

ಜವಳಿಯಾದ ಸ್ವಲ್ಪ ದಿನಕ್ಕೇ ದೇವೇಂದ್ರನ ಅಜ್ಜ ತೀರಿಕೊಂಡರು. ಮದುವೆ ಮುಂದಕ್ಕೆ ಹೋಗಿ ಮಾಘಕ್ಕೆ ನಿಂತಿತು. ಅಷ್ಟರಲ್ಲಿ ಮಳೆ ಹಿಡಿಯಿತು. ಮಾದಮ್ಮ ಬೂಟಿನ ಮೇಲ್ಭಾಗಕ್ಕೆ ಮಡಿ ಪಂಚೆ ಸುತ್ತಿ, ತಳವನ್ನು ಹಾಗೇ ಬಿಟ್ಟು, ಎರಡನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ, ಡಬ್ಬದಲ್ಲಿಟ್ಟು ಅಟ್ಟದ ಮೇಲೆ ಒಲೆಗೆ ಅತಿ ಹತ್ತಿರದ ಜಾಗ ಕೊಟ್ಟಳು. ಮಳೆಗಾಲವೆಲ್ಲ ಕೆಳಗೆ ಒಲೆ ಉರಿಯಿತು, ಮೇಲೆ ಹೊಗೆ ಆಡಿತು. ಅವಳು ದಿನಾ ಕತ್ತೆತ್ತಿ ಡಬ್ಬ ನೋಡಿ ನೆಮ್ಮದಿಪಟ್ಟಳು.

ಕಾಫಿ ಕುಯ್ಲು ಅರ್ಧ ಮುಗಿದು, ಕಣದ ತುಂಬ ಹಣ್ಣು ಒಣಗಲು ಹರಡಿದ್ದ ಪುಷ್ಯದ ದಿನಗಳಲ್ಲಿ ಒಂದು ಬೆಳಿಗ್ಗೆ ಪೂಜಿತಾ ಡಬ್ಬ ಇಳಿಸಿದಳು. ಪಂಚೆ ಬಿಚ್ಚಿದಳು. ಮೇಲಿನ ಬಟ್ಟೆ ಹಾಗೇ ಬೆಳ್ಳಗಿತ್ತು. ಬೂಟನ್ನು ತಿರುಗಿಸಿದಳು, ಮತ್ತೆ ತಿರುಗಿಸಿದಳು, ಆಮೇಲೆ ಅವ್ವನ ಮುಂದೆ ಹಿಡಿದಳು.

ತಳ ಹೊಗೆಸೊಪ್ಪು ಜಗಿಯುವವರ ಹಲ್ಲಿನ ಬಣ್ಣಕ್ಕೆ ತಿರುಗಿತ್ತು.

ಮಾದಮ್ಮ ಅಲ್ಲೇ ಒಲೆಯ ಮುಂದೆ ಕೂತುಬಿಟ್ಟಳು. ಬೂಟು ಹಳದಿಯಾಯಿತಲ್ಲ ಎಂಬುದಕ್ಕಿಂತ ಮೊದಲು ಅವಳ ಕಿವಿಗೆ ಕೇಳಿಸಿದ್ದು ಸತ್ತುಹೋದ ಅತ್ತೆಯ ದನಿ. ಮಾದಮ್ಮನ ಸ್ವಂತ ಮದುವೆಯಲ್ಲಿ ಅವಳಪ್ಪ ಜವರಯ್ಯನಿಗೆ ತಂದಿದ್ದ ಚಪ್ಪಲಿ ಮಳೆಯಲ್ಲಿ ನೆನೆದು, ಮೊಳೆಗೆ ತುಕ್ಕು ಬಂದು, ತಳದಲ್ಲಿ ಕಂದು ಕಲೆ ಬಿದ್ದಿತ್ತು. ಹೊಸ ಚಪ್ಪಲಿಯೇ. ಆದರೆ ಅತ್ತೆ ಚಪ್ಪರದ ಬಾಗಿಲಲ್ಲೇ ಅದನ್ನು ಎತ್ತಿ ನೋಡಿ, ಯಾರೋ ಮೆಟ್ಟಿದ್ದನ್ನು ತಂದವರೆ ಅಂದುಬಿಟ್ಟಳು. ಅಲ್ಲಿಂದ ಸಾರಿಗೆ ಉಪ್ಪು ಹೆಚ್ಚಾದರೂ ಅದೇ ಮಾತು, ಕರು ಹಾಲು ಕುಡಿದುಬಿಟ್ಟರೂ ಅದೇ ಮಾತು: ಮೆಟ್ಟಿದ ಮೆಟ್ಟು ಕೊಟ್ಟವರ ಮನೆಯ ಹೆಣ್ಣು. ಆ ಮುದುಕಿ ಸಾಯುವ ತನಕ ಅದನ್ನು ಕೇಳಿದ್ದಳು ಮಾದಮ್ಮ. ಈಗ ಇದೇ ಬೂಟನ್ನು ಗಿಡ್ಡಮ್ಮ ಚಪ್ಪರದ ಬಾಗಿಲಲ್ಲಿ ತಿರುಗಿಸಿ ನೋಡಿದರೆ, ಪೂಜಿತಾಳ ಜನ್ಮಕ್ಕೂ ಆ ಮಾತು ಅಂಟಿಕೊಂಡೀತು.

ಬೇರೆ ಜೋಡಿ ತಂದರಾಯಿತು ಎಂದು ಜವರಯ್ಯ ಸಕಲೇಶಪುರ ಸುತ್ತಿದ, ಹಾಸನಕ್ಕೂ ಹೋಗಿಬಂದ. ಅಂಥದ್ದು ಈಗ ಬರುತ್ತಿಲ್ಲ ಎಂದರಂತೆ. ಬೇರೆ ನಮೂನೆಯದಕ್ಕೆ ನೀಲಿ ಗೆರೆ, ಕೆಂಪು ಗೆರೆ. ಗಿಡ್ಡಮ್ಮ ಆವತ್ತು ಅಂಗಡಿಯಲ್ಲಿ ಈ ಬೂಟನ್ನು ಮಗುವಿನ ಹಾಗೆ ಎತ್ತಿ ಆಡಿಸಿದ್ದಳು. ಬದಲಾಯಿಸಿದರೆ ಅದಕ್ಕೂ ಒಂದು ಮಾತು ಹುಟ್ಟುತ್ತಿತ್ತು.

ಸರಿ, ಬಲಗಾಲಿನದು ಹಾಗೇ ಇರಲಿ, ಎಡಗಾಲಿನದರ ಮೇಲೆ ಒಂದು ಕೈ ನೋಡೋಣ ಎಂದು ಮಾದಮ್ಮ ಸೆರಗು ಸಿಕ್ಕಿಸಿದಳು. ಸೋಪು ಹಾಕಿ ಉಜ್ಜಿದಾಗ ಹೊಗೆಯ ಜಿಡ್ಡು ಹೋಯಿತು, ಹಳದಿ ಹೋಗಲಿಲ್ಲ. ಹಲ್ಲುಜ್ಜುವ ಪೇಸ್ಟು ಹಾಕಿದಳು, ಹುಣಸೆಹಣ್ಣು ಹಾಕಿದಳು. ಕಲೆ ಮೇಲೆ ಕೂತದ್ದಲ್ಲ, ರಬ್ಬರಿನ ಒಳಗೇ ಹುಟ್ಟಿದ್ದು ಎಂದು ಉಗುರಿನಲ್ಲಿ ಕೆರೆದಾಗ ತಿಳಿಯಿತು. ಬಾವಿಗೆ ಹಾಕಲು ತಂದಿದ್ದ ಬ್ಲೀಚಿಂಗ್ ಪೌಡರು ಕಲಸಿ ಹಚ್ಚಿ ಒಣಗಿಸಿದಳು. ಹಳದಿ ಇನ್ನೂ ಒಂದು ಬಣ್ಣ ಮೇಲಕ್ಕೇರಿತು. ಪಂಚೆಗೆ ಹಾಕುವ ನೀಲಿಯಾದರೂ ಹಿಡಿಯಲಿ ಎಂದು ಅದ್ದಿ ತೆಗೆದರೆ ತಳ ಎಳೆ ಗಿಣಿಯ ಹಾಗೆ ಹಸಿರಾಯಿತು. ಜಗಲಿಯಲ್ಲಿ ಕೂತಿದ್ದ ಜವರಯ್ಯ ಅದನ್ನು ನೋಡಿ, ಇನ್ನೊಂದಕ್ಕೆ ಕೆಂಪು ಹಚ್ಚಿಬಿಡು, ರೈಲಿಗೆ ತೋರ್ಸಕಾಯ್ತದೆ, ದೋಣಿಗಲ್ ಸ್ಟೇಶನ್ನಿಗೆ ಕೊಡಾಣ ಅಂದ. ಮಾದಮ್ಮ ಆವತ್ತು ಅವನಿಗೆ ಮಧ್ಯಾಹ್ನದ ಮುದ್ದೆಯನ್ನು ಸ್ವಲ್ಪ ಜೋರಾಗಿಯೇ ಇಕ್ಕಿದಳು.

ಹಸಿರನ್ನು ತೊಳೆದು ಮತ್ತೆ ಹಳದಿಗೆ ತಂದು, ಸೋತ ಕೈಯಲ್ಲಿ ಒಲೆಯ ಮೇಲಿನ ಪಾತ್ರೆ ಇಳಿಸುವಾಗ, ಹಿಡಿದ ಮಸಿಬಟ್ಟೆಯ ಮೇಲೆ ಅವಳ ಕಣ್ಣು ನಿಂತಿತು. ಹಿಂದೊಮ್ಮೆ ಗದ್ದೆ ಕುಯ್ಯುವಾಗ ಕಾಲಿಗೆ ಕುಡುಗೋಲು ತಾಗಿ, ಅರಿಸಿನ ಮೆತ್ತಿ ಬಿಳಿ ಪಂಚೆಯ ಚೂರಿನಲ್ಲಿ ಕಟ್ಟಿಕೊಂಡು ಆಸ್ಪತ್ರೆಗೆ ಹೋಗಿದ್ದಳು. ನರ್ಸಮ್ಮ ಬಟ್ಟೆ ಬಿಚ್ಚುವ ಮೊದಲು, ಅದು ಗಾಯಕ್ಕೆ ಅಂಟಿಕೊಂಡಿದೆಯೆಂದು, ಅದರ ಮೇಲೆಯೇ ಒಂದು ಔಷಧಿ ಸುರಿದಿದ್ದಳು. ಬುಸ್ಸೆಂದು ನೊರೆ ಬಂದಿತ್ತು. ಆ ಬಟ್ಟೆಯನ್ನು ಮನೆಗೆ ತಂದು ಬೇಲಿಯ ಮೇಲೆ ಒಣಗಿಸಿ, ಆಮೇಲೆ ಅಡಿಗೆಮನೆಗೆ ಎಳೆದುಕೊಂಡಿದ್ದಳು. ಬಟ್ಟೆಯ ಒಂದು ತುದಿಯಲ್ಲಿ ಅರಿಸಿನ ಇನ್ನೂ ಇತ್ತು. ನಡುವೆ, ನೊರೆ ಬಿದ್ದ ಜಾಗದಲ್ಲಿ ಮಾತ್ರ ಅಂಗೈಯಗಲ ಬೆಳ್ಳಗಿತ್ತು. ಇಷ್ಟು ದಿನ ದಿನಾ ಕೈಯಲ್ಲಿ ಹಿಡಿದಿದ್ದಳು, ನೋಡಿರಲಿಲ್ಲ.

ಹಾನುಬಾಳಿನಲ್ಲಿ ಔಷಧಿ ಅಂಗಡಿಯ ರುದ್ರಯ್ಯ ಅವಳು ನೊರೆ ಬರುವ ಔಷಧಿ ಕೇಳಿದ್ದಕ್ಕೆ ಗಾಬರಿಯಾಗಿ ಯಾರಿಗೆ ಏಟು ಬಿತ್ತೆಂದು ವಿಚಾರಿಸಿದ.

“ಯಾರ್ಗೂ ಇಲ್ಲ ಕಣಪ್ಪ, ಬೂಟಿಗೆ,” ಅಂದಳು ಮಾದಮ್ಮ.

ರುದ್ರಯ್ಯ ನಕ್ಕು, ಬೂಟನ್ನೂ ಕರ್ಕೊಂಡು ಬರಬೇಕಿತ್ತು, ಜ್ವರ ನೋಡ್ತಿದ್ದೆ ಎಂದು, ಕಂದು ಬಣ್ಣದ ಸೀಸೆಗಳನ್ನು ಇಳಿಸಿದ. ಅದರ ಹೆಸರು ಹೈಡ್ರೋಜನ್ ಪೆರಾಕ್ಸೈಡ್ ಎಂದು ಎರಡು ಸಲ ಹೇಳಿದ. ಕೈಗೆ ಕವರು ಹಾಕಿಕೊಂಡು ಮುಟ್ಟಬೇಕು, ಕಣ್ಣಿಗೆ ಹಾರಬಾರದು, ಇದನ್ನು ಬ್ಲೀಚಿಂಗ್ ಪೌಡರಿನ ಜೊತೆ ಕಲಸಲೇಬಾರದು ಎಂದೂ ಹೇಳಿದ. ಕೊನೆಗೆ ಕಾಗದದಲ್ಲಿ ಸುತ್ತುತ್ತ ಒಂದು ಮಾತಂದ.

“ಕತ್ತಲಲ್ಲಿಡಿ ಕಣವ್ವ. ಬಿಸಿಲು ಕಂಡ್ರೆ ಇದ್ರ ಶಕ್ತಿಯೆಲ್ಲ ಹೊರಕ್ಕೆ ಹೋಗ್ಬುಡ್ತದೆ. ಅದಕ್ಕೇ ಸೀಸೆಗೆ ಈ ಬಣ್ಣ.”

ಮಾದಮ್ಮ ಹೇಳಿದ್ದನ್ನು ಕೇಳುವವಳು. ಕೋಣೆಯ ಕಿಟಕಿ ಮುಚ್ಚಿ, ಕತ್ತಲಲ್ಲೇ ಎಡಗಾಲಿನ ಬೂಟಿನ ತಳಕ್ಕೆ ಔಷಧಿ ಹಚ್ಚಿ ಇಟ್ಟಳು. ಮಾರನೆಯ ದಿನ ನೋಡಿದರೆ ಹಳದಿ ಕದಲಿರಲಿಲ್ಲ. ಕಣದಲ್ಲಿ ಕಾಫಿಯ ನಡುವೆ ಕಾಲೆಳೆಯುತ್ತ ಸಾಲು ಮಗುಚುವಾಗ ರುದ್ರಯ್ಯನ ಮಾತನ್ನೇ ಮನಸ್ಸಿನಲ್ಲಿ ಮಗುಚಿದಳು. ಶಕ್ತಿ ಹೊರಕ್ಕೆ ಹೋಗುತ್ತದೆ ಎಂದನಲ್ಲ, ಹೋಗುವುದು ಎಲ್ಲಿಗೆ? ಹೋಗುವುದೇ ಆದರೆ ಬೂಟಿನೊಳಕ್ಕೇ ಹೋಗಲಿ.

ಬಿಸಿಲಿಗೆ ತಂದಳು. ಹಚ್ಚಿದ್ದು ಹಚ್ಚಿದ ಹಾಗೆ ಆರಿಹೋಯಿತು. ಆಗ ಅವಳಿಗೆ ಕಾಫಿ ಸಸಿಮಡಿ ನೆನಪಾಯಿತು. ಬೀಜ ಹಾಕಿದ ಮಡಿಗೆ ಹಾಳೆ ಹೊದಿಸುತ್ತಾರಲ್ಲ, ಬೆಳಕು ಒಳಗೆ ಬರುತ್ತದೆ, ನೀರು ಹೊರಗೆ ಹೋಗುವುದಿಲ್ಲ. ಹಳೆಯ ಪಂಚೆಯನ್ನು ತೆಳ್ಳಗೆ ಪಟ್ಟಿ ಹರಿದು, ಔಷಧಿಯಲ್ಲಿ ನೆನೆಸಿ, ಗಾಯಕ್ಕೆ ಕಟ್ಟುವ ಹಾಗೆ ತಳದ ಸುತ್ತ ಸುತ್ತಿದಳು. ಮೇಲಿನ ಬಟ್ಟೆಗೆ ತಾಗದ ಹಾಗೆ ನೋಡಿಕೊಂಡಳು. ಅದರ ಮೇಲೆ ತೆಳುವಾದ, ಒಳಗಿನದು ಕಾಣುವ ಪ್ಲಾಸ್ಟಿಕ್ ಹಾಳೆ ಬಿಗಿದು, ಬಾಳೆನಾರಿನಲ್ಲಿ ಕಟ್ಟಿ, ಕಣದ ನಡುವೆ ಹಣ್ಣು ಸರಿಸಿ ಜಾಗ ಮಾಡಿ ಮಲಗಿಸಿದಳು. ಕಾಫಿ ಮಗುಚಿದಾಗಲೆಲ್ಲ ಬೂಟನ್ನೂ ಮಗುಚಿದಳು. ಒಂದೇ ಮಗ್ಗುಲು ಬಿಸಿಲು ಕಂಡರೆ ಹಣ್ಣು ಒಂದೇ ಮಗ್ಗುಲು ಒಣಗುವುದು ಅವಳಿಗೆ ಗೊತ್ತಿತ್ತು. ಹಾಳೆಯೊಳಗೆ ಸಣ್ಣ ಸಣ್ಣ ಗುಳ್ಳೆ ಎದ್ದು, ಬಿಸಿಲಿನಲ್ಲಿ ಮೀನಿನ ಕಣ್ಣಿನ ಹಾಗೆ ಹೊಳೆಯುತ್ತಿದ್ದವು.

ಬಿಸಿಲು ಇಳಿಯುವ ಹೊತ್ತಿಗೆ ಬಿಚ್ಚಿದಳು. ಪಟ್ಟಿ ಒಂದೊಂದೇ ಸುತ್ತು ಕಳಚುತ್ತ ಬಂತು. ಕಡೆಯ ಸುತ್ತು ಬಿಟ್ಟಾಗ ಅವಳು ಬೂಟನ್ನು ಕೈಯಲ್ಲಿ ಹಿಡಿದವಳು ಹಿಡಿದ ಹಾಗೇ ಇದ್ದಳು.

ಬೆಳ್ಳಗಿತ್ತು. ಬೆಳ್ಳಗಾದ ಹಾಗೆ ಕಾಣುವುದಲ್ಲ, ಹಚ್ಚಿದ ಬಣ್ಣವಲ್ಲ. ಅಂಗಡಿಯವನು ಡಬ್ಬ ತೆರೆದ ಆ ಗಳಿಗೆಯ ಬಿಳುಪೇ ರಬ್ಬರಿನ ಒಳಗಿನಿಂದ ಎದ್ದು ಮೇಲೆ ಬಂದಿತ್ತು. ಅವಳು ಕಣವನ್ನು ನೋಡಿದಳು. ಮೊನ್ನೆ ತಂದು ಸುರಿದಾಗ ಕುಂಕುಮದ ರಾಶಿಯ ಹಾಗಿದ್ದ ಹಣ್ಣು ಆಗಲೇ ಕಂದಾಗಿ, ಅಂಚಿನಲ್ಲಿ ಹರಡಿದ್ದು ಇದ್ದಿಲಿನ ಹಾಗೆ ಕಪ್ಪಾಗಿತ್ತು. ಅದೇ ಕಣ, ಅದೇ ಬಿಸಿಲು. ಕೆಂಪನ್ನು ಕಪ್ಪು ಮಾಡುವ ಬಿಸಿಲೇ ಹಳದಿಯನ್ನು ಬಿಳಿ ಮಾಡಿದೆ. ಜೀವಮಾನವೆಲ್ಲ ಇದೇ ಬಿಸಿಲಿನ ಕೆಳಗೆ ಬೆನ್ನು ಬಗ್ಗಿಸಿದವಳು, ಒಂದು ದಿನವೂ ಕತ್ತೆತ್ತಿ ನೀನು ಇನ್ನೇನು ಬಲ್ಲೆ ಎಂದು ಕೇಳಿರಲಿಲ್ಲ. ಕತ್ತೆತ್ತಿದಳು. ಕಣ್ಣು ಕುಕ್ಕಿತು, ನೀರು ಬಂತು.

ತೋಟದಿಂದ ಬಂದ ಜವರಯ್ಯ ಬೂಟು ನೋಡಿ, ತಲೆಯ ಟವೆಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಇದನ್ನ ಮುಟ್ಲಾ ಎಂದು ಕೇಳಿದ. ಕೈ ತೊಳ್ಕೊಂಡು ಬನ್ನಿ ಅಂದಳು ಮಾದಮ್ಮ.

ಮಾರನೆಯ ದಿನ ಬೆಳಿಗ್ಗೆ ಬಲಗಾಲಿನದನ್ನು ಬಿಸಿಲಿಗಿಡಬೇಕೆಂದು ಹಳದಿ ಬೂಟನ್ನು ಜಗಲಿಯ ಮೇಲಿಟ್ಟು, ಪಟ್ಟಿ ತರಲು ಒಳಗೆ ಹೋಗಿದ್ದಳು. ಹೊರಗೆ ಜೀಪು ನಿಂತ ಸದ್ದಾಯಿತು. ಹಾನುಬಾಳಿನ ನೆಂಟರಿಗೆ ಮದುವೆ ಕರೆಯಲು ಹೊರಟಿದ್ದ ಗಿಡ್ಡಮ್ಮ ಬೀಗರ ಮನೆಗೂ ಒಂದು ಹೆಜ್ಜೆ ಬಂದಿದ್ದಳು. ಪೂಜಿತಾ ಓಡಿ ಸೆರಗಿನಲ್ಲಿ ಮುಚ್ಚುವಷ್ಟರಲ್ಲಿ ಗಿಡ್ಡಮ್ಮನ ಕೈ ಬೂಟಿನ ಮೇಲಿತ್ತು.

“ಇದ್ಯಾರು ಮೆಟ್ಟಿದ್ ಬೂಟು, ಬೀಗಿತ್ತೀ?”

ಬಾಗಿಲಿಗೆ ಬಂದ ಮಾದಮ್ಮನಿಗೆ ಆ ಒಂದು ಮಾತು ಸಾಕಾಯಿತು. ಅದೇ ಮಾತು, ಬೇರೆ ಬಾಯಿ. ನಮ್ಮ ಯಜಮಾನರದು, ಹಳೇದು ಎಂಬ ಸುಳ್ಳು ನಾಲಗೆಯ ತುದಿಗೆ ಬಂದು ನಿಂತಿತ್ತು. ಹಾಗಂದುಬಿಟ್ಟರೆ ಇವತ್ತು ಪಾರಾಗಬಹುದಿತ್ತು. ಆದರೆ ಸುಳ್ಳು ಮುಂದೆ ಚಪ್ಪರದ ಬಾಗಿಲಲ್ಲಿ ಸಿಕ್ಕಿಬಿದ್ದರೆ ಅದನ್ನು ಹೊರುವವಳು ಮಗಳು. ಮಾದಮ್ಮ ಒಳಗೆ ಹೋಗಿ, ಎಡಗಾಲಿನ ಬೂಟು ತಂದು ಅದರ ಪಕ್ಕ ಇಟ್ಟಳು.

“ಯಾರೂ ಮೆಟ್ಟಿಲ್ಲ ಕಣವ್ವ. ನಿಮ್ಮ ಹುಡುಗನ್ದೇ. ಅಟ್ಟದ ಮೇಲಿಕ್ಕಿದ್ದೆ, ಹೊಗೆಗೆ ಹಿಂಗಾಗೋಯ್ತು. ಇದೂ ಹಂಗೇ ಇತ್ತು. ನೆನ್ನೆ ಬಿಸ್ಲಿಗಿಟ್ಟೆ, ಬೆಳ್ಳಗಾಯ್ತು.”

ಗಿಡ್ಡಮ್ಮ ಹಳದಿಯದನ್ನು ಮೂಗಿಗೆ ಹಿಡಿದು ಹೊಗೆಯ ವಾಸನೆ ನೋಡಿದಳು. ತಿರುಗಿಸಿ, ತಳದ ಗೀರುಗಳ ಸಂದಿಯಲ್ಲಿ ಬೆರಳ ಉಗುರು ಆಡಿಸಿ, ಮಣ್ಣು ಹುಡುಕಿದಳು. ಮಣ್ಣಿರಲಿಲ್ಲ. ಬಿಳಿಯದನ್ನೂ ಹಾಗೇ ನೋಡಿದಳು. ಎರಡನ್ನೂ ಜೋಡಿಸಿ ಬಿಸಿಲಿಗೆ ಹಿಡಿದು, ಇದು ಬೇರೆ ಜೋಡಿಯದು ತಾನೆ ಎಂದು ಪೂಜಿತಾಳ ಮುಖ ನೋಡಿದಳು. ಪೂಜಿತಾ ಅಲ್ಲವೆಂದು ತಲೆಯಾಡಿಸಿದಳು.

“ಬಿಸ್ಲು ಕರ್ರಗೆ ಮಾಡದ್ನ ನೋಡೀನಿ. ಬೆಳ್ಳಗೆ ಮಾಡದ್ನ ಈ ಕಣ್ಣು ನೋಡಿಲ್ಲ,” ಅಂದಳು ಗಿಡ್ಡಮ್ಮ. “ಇದ್ನ ನಾನೇ ಕಟ್ತೀನಿ. ಕೊಡಿಲ್ಲಿ ಪಟ್ಟೀನ.”

ಜೀಪಿನವನು ಹಾರನ್ ಹೊಡೆದ. ನೆಂಟರ ಮನೆಗೆ ನಾಳೆ ಹೋದರಾಯಿತು, ಸಂಜೆಗೆ ಬಾ ಎಂದು ಗಿಡ್ಡಮ್ಮ ಅವನನ್ನು ಕೂತಲ್ಲಿಂದಲೇ ಓಡಿಸಿದಳು. ಕಾಲು ಮುರಿದ ಕರುಗಳಿಗೆ ದಬ್ಬೆ ಕಟ್ಟಿ ಪಳಗಿದ ಕೈ ಅವಳದು. ಮಾದಮ್ಮನಿಗಿಂತ ನಯವಾಗಿ ಸುತ್ತಿದಳು. ಕೈಗೆ ಕವರು ಹಾಕಿಕೊಳ್ಳಿ ಅಂದದ್ದನ್ನು ಮಾತ್ರ ಕೇಳಲಿಲ್ಲ. ಬೆರಳ ತುದಿ ಬೆಳ್ಳಗಾಗಿ ಚುರುಗುಟ್ಟಿದ ಮೇಲೆ, ಔಷಧಿ ದಿಟದ್ದೇ ಬುಡು ಎಂದು ತಾನೇ ಹೋಗಿ ತೊಳೆದುಕೊಂಡು ಬಂದಳು.

ಆಮೇಲೆ ಇಬ್ಬರೂ ಕಣದ ಅಂಚಿನಲ್ಲಿ, ಹಲಸಿನ ಮರದ ನೆರಳಿಗೆ ಕೂತರು. ಗಿಡ್ಡಮ್ಮನಿಗೆ ಕಾಯುವುದು ಬರುತ್ತಿರಲಿಲ್ಲ. ಒಮ್ಮೆ ಹಾಳೆಯ ತುದಿ ಎತ್ತಿ ನೋಡಲು ಹೋಗಿ, ಬೇಯೋ ಅನ್ನದ ಮುಚ್ಚಳ ತೆಗಿಯೋಕಾಯ್ತದಾ ಎಂದು ಮಾದಮ್ಮನಿಂದ ಹೇಳಿಸಿಕೊಂಡಳು. ಮಾದಮ್ಮನಿಗೆ ತಾನು ಅಂದದ್ದು ಕೇಳಿ ತಾನೇ ಹೆದರಿಕೆಯಾಯಿತು. ಗಿಡ್ಡಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು, ಅಷ್ಟೆ. ಮಗುಚುವ ಹೊತ್ತಾದಾಗ ಇಬ್ಬರೂ ಎದ್ದು ಸೀರೆ ಎತ್ತಿ ಕಟ್ಟಿ ಕಾಲಿನಿಂದ ಕಾಫಿ ಸಾಲು ಮಗುಚಿದರು, ಬೂಟಿನ ಹತ್ತಿರ ಬಂದಾಗ ಅದನ್ನೂ ಮಗುಚಿದರು. ನಡುವೆ ಮಾತು ಎಲ್ಲೆಲ್ಲಿಗೋ ಹೋಯಿತು. ಗಿಡ್ಡಮ್ಮ ತೀರಿಹೋದ ತನ್ನಪ್ಪನ ವಿಷಯ ಹೇಳಿದಳು. ದೇವೇಂದ್ರ ಚಿಕ್ಕವನಿದ್ದಾಗ ಚೆಂಡಿನ ಹಿಂದೆ ಓಡಿ ಮುಳ್ಳು ತುಳಿದು ಬಂದರೆ, ಅಜ್ಜ ಬೈದು, ಬೈಯುತ್ತಲೇ ಮುಳ್ಳು ತೆಗೆಯುತ್ತಿದ್ದರಂತೆ. ಇವನಿಗೊಂದು ಮೆಟ್ಟು ತರಬೇಕು ಕಣೆ ಅನ್ನುತ್ತಿದ್ದರಂತೆ, ಆದರೆ ತರುವುದು ಆಗಲೇ ಇಲ್ಲವಂತೆ. ಮಾದಮ್ಮ ತನ್ನ ಅತ್ತೆಯ ಮಾತನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಆವತ್ತು ಹೇಳಿದಳು. ಗಿಡ್ಡಮ್ಮ ಕೇಳಿ, ನೆಲದ ಮೇಲಿನ ಒಂದು ಹಣ್ಣನ್ನು ಹಿಸುಕಿ ಎಸೆದು, ಬಾಯಿಗೆ ಬೇರೆ ಕೆಲಸವೇ ಇಲ್ಲ ಎಂದು ಗೊಣಗಿದಳು. ತನ್ನ ಬಾಯನ್ನೋ ಆ ಮುದುಕಿಯ ಬಾಯನ್ನೋ ಹೇಳಲಿಲ್ಲ.

ಬಿಸಿಲು ಹಲಸಿನ ಮರದ ಆಚೆ ಮಗ್ಗುಲಿಗೆ ಹೊರಳಿದಾಗ ಬಿಚ್ಚಿದರು. ಬಿಚ್ಚಿದವಳು ಗಿಡ್ಡಮ್ಮ. ಕೊನೆಯ ಸುತ್ತು ಕಳಚಿ ಕೆಳಗೆ ಬಿದ್ದದ್ದೂ ಅವಳಿಗೆ ತಿಳಿಯಲಿಲ್ಲ. ಮಾದಮ್ಮನ ಎಡಗಾಲಿನ ಬೂಟನ್ನು ಪಕ್ಕಕ್ಕಿಟ್ಟಳು. ಎರಡೂ ಒಂದೇ. ಜವರಯ್ಯ, ಪೂಜಿತಾ ಬಂದು ನಿಂತರು. ಕಣದಲ್ಲಿ ಒಣಗುವ ಹಣ್ಣು ಅಲ್ಲಲ್ಲಿ ಚಿಟಿಚಿಟಿ ಅನ್ನುತ್ತಿತ್ತು.

ಗಿಡ್ಡಮ್ಮ ತನ್ನ ಕೆನ್ನೆ ಮುಟ್ಟಿಕೊಂಡಳು.

“ಈ ಮುಖ ನೋಡು ಬೀಗಿತ್ತಿ. ಗದ್ದೇಲಿ ಸುಟ್ಟು ಸುಟ್ಟು ಹೆಂಗಾಗೈತೆ. ಎಲ್ಲ ಸುಡ್ತದೆ ಅಂತ್ಲೇ ಬೈಕಂಡು ಬಂದೆ ಅದ್ನ. ಅದ್ರೊಳಗೆ ಇಂಥಾದ್ದೂ ಇತ್ತಾ.”

ಆಮೇಲೆ ಎಚ್ಚರಾದವಳ ಹಾಗೆ ಮೊದಲಿನ ಗಿಡ್ಡಮ್ಮನಾಗಿ ಬುದ್ಧಿ ಹೇಳಲು ಹಿಡಿದಳು. ಬೂಟನ್ನು ನೀರಲ್ಲಿ ಒರೆಸಿ ಔಷಧಿಯ ಪಸೆ ತೆಗೆಯಬೇಕು, ನೆರಳಲ್ಲಿ ಆರಬೇಕು. ಅಟ್ಟದ ಸುದ್ದಿಗೆ ಹೋದರೆ ಜೋಕೆ. ಪ್ಲಾಸ್ಟಿಕ್ಕಿನಲ್ಲಿ ಉಸಿರು ಕಟ್ಟಿಸಬಾರದು, ಗಾಳಿಯಾಡುವ ಕೋಣೆಯಲ್ಲಿ ಹಳೇ ಪಂಚೆ ಸುತ್ತಿ, ಥಂಡಿ ಎಳೆಯಲು ಪಕ್ಕದಲ್ಲಿ ನಾಲ್ಕು ಇದ್ದಿಲು ಇಟ್ಟರೆ ಸಾಕು. ಈ ಬುದ್ಧಿಯನ್ನೆಲ್ಲ ಅವಳು ಆವತ್ತೇ ಮಾದಮ್ಮನ ಬಾಯಿಂದ ಕೇಳಿದ್ದಳು. ಮಾದಮ್ಮ ಹೂಂಗುಟ್ಟಿದಳು. ಹೊರಡುವಾಗ ಕಾಫಿ ಕೊಟ್ಟರು. ಬೆಲ್ಲ ಎಲ್ಲಿಯದೆಂದು ಗಿಡ್ಡಮ್ಮ ಕೇಳಲಿಲ್ಲ.

ಮಾಘದಲ್ಲಿ ಮದುವೆಯಾಯಿತು. ಒಣಗಿದ ಕಾಫಿಯನ್ನೆಲ್ಲ ಚೀಲಕ್ಕೆ ತುಂಬಿ, ಕಣ ಗುಡಿಸಿ, ಅಲ್ಲೇ ಹಸಿರು ಸೊಪ್ಪಿನ ಚಪ್ಪರ ಹಾಕಿದ್ದರು. ಗಂಡಿನ ಕಡೆಯವರು ವಾದ್ಯದವರ ಹಿಂದೆ ಬಂದು ಬಾಗಿಲಲ್ಲಿ ನಿಂತರು. ಜವರಯ್ಯ ನೀರು ಹೊಯ್ದ, ಮಾದಮ್ಮ ದೇವೇಂದ್ರನ ಕಾಲು ತೊಳೆದು ಸೆರಗಿನಲ್ಲಿ ಒರೆಸಿದಳು. ಮುಳ್ಳು ತೆಗೆದ ಕಲೆಗಳು ಅಲ್ಲಲ್ಲಿ ಇದ್ದವು. ಪೂಜಿತಾ ಚಪ್ಪರದೊಳಗಿಂದ ಕತ್ತು ಉದ್ದ ಮಾಡಿ ನೋಡುತ್ತಿದ್ದಳು. ಮಾದಮ್ಮ ಡಬ್ಬ ತೆರೆಯುವಷ್ಟರಲ್ಲಿ ಹಿಂದಿನಿಂದ ಒಂದು ಉದ್ದ ಕೈ ಬಂದು ಎರಡೂ ಬೂಟನ್ನು ಎತ್ತಿಕೊಂಡಿತು.

ಗಿಡ್ಡಮ್ಮ ಅವನ್ನು ಎಲ್ಲರಿಗೂ ಕಾಣುವ ಹಾಗೆ ತಲೆಯ ಮಟ್ಟಕ್ಕೆ ಹಿಡಿದು, ತಳ ಮೇಲಾಗಿ ತಿರುಗಿಸಿದಳು. ಮಾದಮ್ಮನಿಗೆ ವಾದ್ಯದ ಸದ್ದು ನಿಂತುಹೋದ ಹಾಗಾಯಿತು.

“ನೋಡ್ರೇ ಎಲ್ಲಾರೂವೆ. ಒಲೆ ಹೊಗೆಗೆ ಅರಿಸ್ನ ಆಗೋಗಿತ್ತು ಇದು. ಎಡಗಾಲಿಂದ್ನ ನಮ್ಮ ಬೀಗಿತ್ತಿ ಬೆಳ್ಳಗೆ ಮಾಡಿದ್ದು, 
ಬಲಗಾಲಿಂದ್ನ ನಾನು ಮಾಡಿದ್ದು, ಇದೇ ಕಣದಲ್ಲಿ, ಬರೀ ಬಿಸ್ಲಲ್ಲಿ. ಯಾವ್ದು ಬೆಳ್ಳಗೈತೆ, ಸತ್ಯ ಹೇಳ್ರಿ.”

ಕುಂದೂರಿನ ಹೆಂಗಸರು ಬಲಗಾಲಿನದು ಅಂದರು. ಹಾನುಬಾಳಿನವರು ಎಡಗಾಲಿನದು ಅಂದರು. ಯಾರೋ ಅರಿಸಿನವಾಗಿದ್ದೇ ಸುಳ್ಳು ಅಂದರು, ಗಿಡ್ಡಮ್ಮ ಅವರ ಕಡೆ ತಿರುಗಿ ಮೊದಲಿನಿಂದ ಕತೆ ಶುರುಮಾಡಿದಳು. ಬೂಟು ಕೈಯಿಂದ ಕೈಗೆ ಹೋಯಿತು. ಮುದುಕರೊಬ್ಬರು ಕನ್ನಡಕ ಹಾಕಿಕೊಂಡು ನೋಡಿದರು. ವಾದ್ಯದವನು ಓಲಗ ಕೆಳಗಿಟ್ಟು ನೋಡಿದ. ಮುಹೂರ್ತ ಮೀರುತ್ತದೆಂದು ಪುರೋಹಿತರು ಕೂಗುತ್ತಲೇ ಇದ್ದರು. ದೇವೇಂದ್ರ ಬರಿಗಾಲಲ್ಲಿ, ಬಾಸಿಂಗ ಕಟ್ಟಿಕೊಂಡು, ತನ್ನ ಬೂಟು ಊರು ಸುತ್ತಿ ವಾಪಸ್ಸು ಬರಲೆಂದು ಕಾಯುತ್ತ ನಿಂತಿದ್ದ.

ಕೊನೆಗೆ ಬೂಟು ಮಾದಮ್ಮನ ಕೈಗೆ ಬಂತು. ಅವಳೇ ಮೆಟ್ಟಿಸಿದಳು, ದಾರ ಕಟ್ಟಿದಳು. ದೇವೇಂದ್ರ ಮಾತ್ರ ಕಾಲೆತ್ತಿದವನು ನೆಲಕ್ಕಿಡಲು ಹಿಂದೆಮುಂದೆ ನೋಡಿದ.

“ಇಡೋ ಮಾರಾಯ,” ಅಂದಳು ಗಿಡ್ಡಮ್ಮ. “ಕೊಳೆ ಆದ್ರೆ ಬಿಸ್ಲು ಎಲ್ಲಿಗೂ ಹೋಗಾಕಿಲ್ಲ.”

ಅವನು ಕಾಲಿಟ್ಟ. ಸೊಪ್ಪಿನ ಸಂದಿಯಿಂದ ಇಳಿದ ಬಿಸಿಲು ಬೂಟಿನ ಮೇಲೆ ಬಿತ್ತು. ಎಷ್ಟು ಗುಡಿಸಿದರೂ ಕಣದ ಬಿರುಕಿನಲ್ಲಿ ಉಳಿದಿದ್ದ ಒಂದು ಒಣ ಕಾಫಿ ಹಣ್ಣು ಅದರ ಪಕ್ಕದಲ್ಲೇ ಕಪ್ಪಗೆ ಮಿರುಗುತ್ತಿತ್ತು. ನೆಲದ ಮೇಲೆ ಕೂತಿದ್ದ ಮಾದಮ್ಮ ಎರಡನ್ನೂ ನೋಡಿದಳು. ಪುರೋಹಿತರು ಏಳಮ್ಮ ಏಳಮ್ಮ ಅನ್ನುತ್ತಿದ್ದರು, ಅವಳು ಇನ್ನೂ ಸ್ವಲ್ಪ ಹೊತ್ತು ನೋಡಿದಳು.